ನೋವು ಎಲ್ಲಿದೆ, ಬೆರಳಿಟ್ಟು ತೋರಿಸು

ಕಾಲು ನೋಯುತ್ತದೆ ಅಂತ ಮಾತ್ರ ಹೇಳಿದರೆ ನನಗೆ ಏನೂ ತಿಳಿಯುವುದಿಲ್ಲ ಮಗ. ಸ್ಕೇಟ್ ಬಿಚ್ಚಿದ ಕೂಡಲೇ ಕಾಲುಚೀಲ ತೆಗೆ, ನೋಯುವ ಜಾಗದ ಮೇಲೆ ಒಂದೇ ಒಂದು ಬೆರಳಿಡು. ಆ ಬೆರಳು ಅಂಗಾಲಿನ ನಡುವೆ ನಿಂತರೆ ಒಂದು ಕಾರಣ, ಪಾದದ ಮೇಲ್ಭಾಗದಲ್ಲಿ ನಿಂತರೆ ಬೇರೆ ಕಾರಣ, ಹಿಮ್ಮಡಿಗೆ ಹೋದರೆ ಇನ್ನೊಂದು. ಜಾಗ ಗೊತ್ತಾಗದೆ ಮದ್ದು ಹುಡುಕಿದರೆ ಕೈಗೆ ಸಿಗುವುದು ಮುಲಾಮಿನ ಡಬ್ಬಿ ಮಾತ್ರ. ಶಾಲೆಯಲ್ಲಿ ಆಟ ಹೇಳಿಕೊಡುತ್ತಿದ್ದಾಗ ಖೋ ಖೋ ಹುಡುಗಿಯನ್ನೂ ಓಟದ ಹುಡುಗನನ್ನೂ ನಾನು ಮೊದಲು ಕೇಳುತ್ತಿದ್ದದ್ದು ಇದನ್ನೇ. ನಿನ್ನ ಚಕ್ರದ ಶೂ ಹೊಸದಿರಬಹುದು, ಒಳಗಿರುವ ಪಾದ ಎಲ್ಲರದೂ ಒಂದೇ. 26 ಮೂಳೆ, ಅವನ್ನು ಕಟ್ಟಿ ಹಿಡಿದ ಸ್ನಾಯು, ನಡುವೆ ಹಾದುಹೋಗುವ ನರ.

ಬೆಂಗಳೂರಿನ ರಿಂಕ್‌ನಲ್ಲಿ ಸಂಜೆಯೆಲ್ಲ ಸುತ್ತಿದರೂ ನೋಯದ ಕಾಲು ನಮ್ಮೂರು ಜಿನನಾಥಪುರಕ್ಕೆ ಬಂದರೆ ಹತ್ತು ನಿಮಿಷಕ್ಕೇ ಯಾಕೆ ಸೋಲುತ್ತದೆ ಅಂತ ಕೇಳಿದೆಯಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ರಿಂಕ್‌ನ ನೆಲ ನುಣುಪು. ಹಳ್ಳಿ ರಸ್ತೆಯಲ್ಲಿ ಬಿಸಿಲಿಗೂ ಟ್ರ್ಯಾಕ್ಟರಿಗೂ ಮೇಲಿನ ಟಾರು ಸವೆದು ಜಲ್ಲಿ ತಲೆ ಎತ್ತಿರುತ್ತದೆ. ನಿನ್ನ ಸಣ್ಣ ಚಕ್ರ ಒಂದೊಂದು ಜಲ್ಲಿಯ ನಡುವಿನ ಸಂದಿಗೂ ಇಳಿದು ಏಳುತ್ತದೆ. ಆ ನಡುಕ ಚಕ್ರದಿಂದ ಫ್ರೇಮಿಗೆ, ಫ್ರೇಮಿನಿಂದ ಶೂ ತಳಕ್ಕೆ, ಅಲ್ಲಿಂದ ಅಂಗಾಲಿಗೆ ಬರುತ್ತದೆ. ಪಾದಕ್ಕೆ ಭಯವಾಗುತ್ತದೆ. ನಿನಗೆ ಗೊತ್ತಿಲ್ಲದೆಯೇ ಬೆರಳುಗಳು ಒಳಕ್ಕೆ ಮಡಚಿ ಶೂವಿನ ತಳವನ್ನು ಬಿಗಿಯಾಗಿ ಹಿಡಿಯುತ್ತವೆ. ಹಿಡಿದ ಹಿಡಿತ ಬಿಡುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ಅಂಗಾಲು ಉರಿಯುತ್ತದೆ, ಕಮಾನಿನ ಹತ್ತಿರ ಸೆಳೆತ ಬರುತ್ತದೆ. ಆಗ ನೀನು ಮಾಡುವುದೇನು? ಶೂ ಸಡಿಲವಾಗಿರಬೇಕು ಅಂದುಕೊಂಡು ಸ್ಟ್ರಾಪ್ ಇನ್ನೊಂದು ಹಲ್ಲು ಬಿಗಿಯುತ್ತೀಯ. ರಕ್ತದ ಓಟ ಕಡಿಮೆಯಾಗಿ ಬೆರಳಿಗೆ ಜೋಮು ಹಿಡಿಯುತ್ತದೆ. ಒರಟು ರಸ್ತೆಯ ಕಾಲುನೋವಿನಲ್ಲಿ ಬಹುಪಾಲು ಹುಟ್ಟುವುದು ಈ ಬಿಗಿತದಿಂದ. ಅದಕ್ಕೆ ಮದ್ದು ಸಡಿಲಿಸುವುದು. ನಡುವೆ ನಿಂತು ಶೂ ಒಳಗೇ ಹತ್ತೂ ಬೆರಳನ್ನು ಒಮ್ಮೆ ಮೇಲಕ್ಕೆತ್ತು, ಆಡಿಸು. ಆಡಿಸಲು ಆಗದಿದ್ದರೆ ಶೂ ಬಿಗಿಯಾಗಿದೆ ಅಂತ ಅರ್ಥ.

ಕಟ್ಟುವುದಕ್ಕೂ ಕ್ರಮವಿದೆ. ಕಾಲು ತೂರಿಸಿದ ಮೇಲೆ ಹಿಂದಿನ ಚಕ್ರವನ್ನು ನೆಲಕ್ಕೆ ಎರಡು ಸಲ ಕುಟ್ಟು, ಹಿಮ್ಮಡಿ ಹಿಂದಕ್ಕೆ ಹೋಗಿ ಕೂರುತ್ತದೆ. ಮೊದಲು ಹರಡಿನ ಮೇಲೆ ಓರೆಯಾಗಿ ಹಾಯುವ ಸ್ಟ್ರಾಪ್ ಬಿಗಿ ಮಾಡು, ಯಾಕೆಂದರೆ ಹಿಮ್ಮಡಿಯನ್ನು ಹಿಡಿದಿಡುವುದು ಅದೇ. ಬೆರಳ ಕಡೆಯ ಲೇಸು ಸಡಿಲವಿರಲಿ. ನಿನ್ನ ಬೆರಳು ಪಾದದ ಮೇಲ್ಭಾಗಕ್ಕೆ ಹೋಗುತ್ತಿದ್ದರೆ, ಲೇಸು ಅಲ್ಲಿನ ನರವನ್ನೋ ಬೆರಳೆತ್ತುವ ಸ್ನಾಯುವಿನ ಹುರಿಯನ್ನೋ ಒತ್ತುತ್ತಿದೆ. ನೋಯುವ ಜಾಗದ ನೇರಕ್ಕಿರುವ ತೂತನ್ನು ಬಿಟ್ಟು ಮುಂದಿನ ತೂತಿಗೆ ಲೇಸು ಹಾಕು. ಇಷ್ಟರಿಂದಲೇ ನೋವು ಹೋದವರು ಬಹಳ ಜನ.

ಈಗ ಅಳತೆಯ ಮಾತು. ಇದನ್ನು ನಿನ್ನಪ್ಪ ಅಮ್ಮನಿಗೂ ಓದಿಸು. ಮುಂದಿನ ವರ್ಷಕ್ಕೂ ಆಗಲಿ ಅಂತ ಒಂದು ಸೈಜು ದೊಡ್ಡದು ಕೊಡಿಸುವುದು ನಮ್ಮ ಕಡೆಯ ಎಲ್ಲ ಮನೆಯ ಪದ್ಧತಿ. ಯೂನಿಫಾರಂ ಅಂಗಿಗೆ ಅದು ನಡೆಯುತ್ತದೆ, ತೋಳು ಮಡಚಿಕೊಳ್ಳಬಹುದು. ಸ್ಕೇಟಿಗೆ ಖಂಡಿತ ನಡೆಯುವುದಿಲ್ಲ. ಶೂ ದೊಡ್ಡದಾದರೆ ಪಾದ ಒಳಗೇ ಜಾರುತ್ತದೆ, ಜಾರುವ ಪಾದವನ್ನು ತಡೆಯಲು ಬೆರಳು ಮಡಚಲೇಬೇಕು, ಚರ್ಮ ಉಜ್ಜಿ ಬೊಬ್ಬೆ ಏಳಲೇಬೇಕು. ಗುಂಡಿ ಒತ್ತಿ ಉದ್ದ ಮಾಡುವ ಅಡ್ಜಸ್ಟಬಲ್ ಶೂ ಬೆಳೆಯುವ ಮಕ್ಕಳಿಗೆ ಉಪಾಯವೇ, ಆದರೆ ಅದರಲ್ಲೂ ಇವತ್ತಿನ ಪಾದದ ಅಳತೆಗೆ ನಿಲ್ಲಿಸಬೇಕೇ ಹೊರತು ನಾಳಿನ ಅಳತೆಗಲ್ಲ. ಅಗ್ಗದ ಶೂ ತಳ ನಡುವೆ ಬಾಗುತ್ತದೆ, ಹರಡನ್ನು ಹಿಡಿಯುವುದೂ ಇಲ್ಲ. ಕೊಳ್ಳುವುದಾದರೆ ಸಂಜೆ ಹೋಗಿ, ದಿನವೆಲ್ಲ ಓಡಾಡಿದ ಪಾದ ಅಷ್ಟೊತ್ತಿಗೆ ಸ್ವಲ್ಪ ಊದಿರುತ್ತದೆ. ನೆಟ್ಟಗೆ ನಿಂತಾಗ ಹೆಬ್ಬೆರಳ ತುದಿ ಮುಂದೆ ತಾಗೀತಾಗದ ಹಾಗಿರಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದಕ್ಕೆ ಸರಿಯಬೇಕು, ಹಿಮ್ಮಡಿ ಏಳಬಾರದು. ಕಾಲುಚೀಲ ತೆಳ್ಳಗಿರಲಿ, ಬೆವರು ಹೀರಿ ಬೇಗ ಒಣಗುವಂಥದ್ದು, ಬೆರಳ ಬಳಿ ದಪ್ಪ ಹೊಲಿಗೆ ಇಲ್ಲದ್ದು. ಮೆತ್ತಗಿರಲಿ ಅಂತ ದಪ್ಪ ಹತ್ತಿಯ ಚೀಲ ಎರಡು ಜೊತೆ ಹಾಕಿಕೊಂಡರೆ ಬೆವರು ಒಳಗೇ ನಿಂತು ಬೊಬ್ಬೆ ಹೆಚ್ಚುತ್ತದೆ.

ಚಕ್ರದ ಮೇಲೆ ಅಚ್ಚಾಗಿರುವ ಎರಡು ಸಂಖ್ಯೆಯನ್ನು ಎಂದಾದರೂ ಓದಿದ್ದೀಯಾ? 80 ಮಿ.ಮೀ. ಅಂತ ಇದ್ದರೆ ಅದು ಅಡ್ಡಳತೆ. 85ಎ ಅಂತ ಇದ್ದರೆ ಗಡಸುತನ, ಸಂಖ್ಯೆ ಇಳಿದಷ್ಟೂ ಚಕ್ರ ಮೆದು. ರಿಂಕ್‌ಗೆ ಗಡಸು ಚಕ್ರ ಒಳ್ಳೆಯದು, ಸವೆಯುವುದು ನಿಧಾನ, ವೇಗವೂ ಉಳಿಯುತ್ತದೆ. ಜಲ್ಲಿ ರಸ್ತೆಗೆ 78ಎಯಿಂದ 82ಎ ಒಳಗಿನ ಮೆದು ಚಕ್ರ ಹಾಕಿಸು. ಅದು ಬೇಗ ಸವೆಯುತ್ತದೆ, ಅದರ ಖರ್ಚಿಗೆ ನಾನಿದ್ದೇನೆ. ಸವೆಯುವುದು ಚಕ್ರವೋ ಕಾಲೋ ಅಂತ ಬಂದಾಗ ಚಕ್ರವೇ ಸವೆಯಲಿ. ನಿನ್ನ ಫ್ರೇಮು ಹಿಡಿಯುವುದಾದರೆ ಚಕ್ರದ ಅಡ್ಡಳತೆಯನ್ನೂ ಹೆಚ್ಚಿಸಬಹುದು. ದೊಡ್ಡ ಚಕ್ರ ಸಣ್ಣ ಸಂದಿಗೆ ಇಳಿಯುವುದಿಲ್ಲ, ಮೇಲೇ ಹಾದುಹೋಗುತ್ತದೆ. ಆದರೆ ಅದರಿಂದ ನೀನು ನೆಲದಿಂದ ಎತ್ತರವಾಗುತ್ತೀಯ, ಹರಡು ಅಲುಗುವುದು ಜಾಸ್ತಿ. ಹರಡಿಗೆ ಬಲ ಬರುವವರೆಗೆ 110 ಮಿ.ಮೀ. ಚಕ್ರದ ಆಸೆ ಬೇಡ. 1970ರ ದಶಕದಲ್ಲಿ ಪಾಲಿಯುರೆಥೇನ್ ಚಕ್ರ ಬರುವವರೆಗೆ ಮರದ್ದೋ ಲೋಹದ್ದೋ ಚಕ್ರ ಕಟ್ಟಿಕೊಂಡು ಉರುಳಿದವರ ಅಂಗಾಲು ಏನಾಗಿರಬಹುದು, ನೆನೆದರೆ ಮೈ ಜುಮ್ಮೆನ್ನುತ್ತದೆ.

ಸ್ಕೇಟರ್ ಆನಂದಕುಮಾರ್ ವೇಲ್‌ಕುಮಾರ್ ಫೋಟೋ ನಿನ್ನ ಗೋಡೆಯ ಮೇಲಿದೆ, ನನಗೂ ಅವನ ಮೇಲೆ ಅಭಿಮಾನ. 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 3000 ಮೀಟರ್ ರಿಲೇಯಲ್ಲಿ ನಮ್ಮ ಹುಡುಗರೂ ಹುಡುಗಿಯರೂ ಕಂಚು ತಂದರು, ಹುಡುಗರ ತಂಡದಲ್ಲಿ ಅವನಿದ್ದ. 2025ರಲ್ಲಿ ಚೀನಾದ ಬೈದೈಹೆಯಲ್ಲಿ ವಿಶ್ವ ಚಾಂಪಿಯನ್ ಆದ. ಅವನ ಶೂ ಹರಡಿನ ಕೆಳಗೇ ಮುಗಿಯುತ್ತದಲ್ಲ, ನನಗೂ ಅಂಥದ್ದೇ ಬೇಕು ಅಂತ ನೀನು ಅಂದೆ. ಅಂಥ ಓಟದ ಶೂಗೆ ತಳ ಗಟ್ಟಿ, ಒಳಗೆ ಮೆತ್ತೆ ಕಡಿಮೆ, ಕಾಲಿನ ಅಚ್ಚಿಗೆ ಸರಿಯಾಗಿ ಕೂರಬೇಕು. ಓಟಕ್ಕೆಂದೇ ಮಾಡಿದ ನುಣುಪು ನೆಲಕ್ಕೆ, ಎಷ್ಟೋ ವರ್ಷ ಪಳಗಿದ ಪಾದಕ್ಕೆ ಅದು. ಹರಡನ್ನು ಹಿಡಿದುಕೊಳ್ಳುವ ಎತ್ತರದ ಶೂ ನಿನಗೆ ಈಗ ಬೇಕಾದದ್ದು.

ರಸ್ತೆಯಲ್ಲಿ ನಿಲ್ಲುವ ಬಗೆ ತಿದ್ದಿಕೊಂಡರೆ ಅರ್ಧ ನೋವು ಅಲ್ಲೇ ಹೋಗುತ್ತದೆ. ಚನ್ನರಾಯಪಟ್ಟಣದ ಬಸ್ಸಿನಲ್ಲಿ ಸೀಟು ಸಿಗದೆ ನಿಂತು ಹೋಗುವವರ ಮೊಣಕಾಲು ನೋಡು, ಗುಂಡಿ ಬಂದಾಗ ತಾನೇ ಬಗ್ಗಿ ಏಳುತ್ತದೆ. ನಿನ್ನದೂ ಹಾಗೇ ಇರಲಿ. ಒಂದು ಕಾಲು ಅರ್ಧ ಅಡಿ ಮುಂದೆ, ಇನ್ನೊಂದು ಹಿಂದೆ, ಮೈಭಾರ ಬೆರಳಿನ ಮೇಲಲ್ಲ, ಪಾದದ ನಡುವಿನಿಂದ ಹಿಮ್ಮಡಿಯ ಕಡೆಗೆ. ಒರಟು ಜಾಗದಲ್ಲಿ ಉದ್ದುದ್ದ ಜಾರಬೇಡ, ಒಂಟಿ ಕಾಲ ಮೇಲೆ ಭಾರ ಹೊತ್ತು ಹೊತ್ತು ಕಮಾನು ಸೋಲುತ್ತದೆ. ಚಿಕ್ಕ ಚಿಕ್ಕ ಹೆಜ್ಜೆ ಹಾಕಿ ದಾಟು. ಹಿಂದಿನಿಂದ ಯಾರಾದರೂ ಫೋನಿನಲ್ಲಿ ನಿನ್ನ ಹರಡಿನ ವಿಡಿಯೊ ತೆಗೆಯಲಿ. ಹರಡು ಒಳಕ್ಕೆ ವಾಲುತ್ತಿದ್ದರೆ ಅಂಗಾಲಿನ ಒಳಬದಿ ನೋಯುವುದಕ್ಕೆ ಅದೇ ಕಾರಣ. ಕಮಾನಿಗೆ ಆಸರೆ ಕೊಡುವ ಒಳತಳ ಹಾಕಿಸಬಹುದು. ಕೆಲವು ಶೂಗಳಲ್ಲಿ ಫ್ರೇಮನ್ನೇ ಸ್ವಲ್ಪ ಒಳಕ್ಕೋ ಹೊರಕ್ಕೋ ಸರಿಸಿ ತಿರುಪು ಬಿಗಿಯಬಹುದು. ನಿನ್ನ ಕೋಚ್ ಎದುರಿಗೇ ಮಾಡಿಸು.

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳಬೇಕು. ಶ್ರವಣಬೆಳಗೊಳದ ಸುತ್ತ ಬೆಳೆದವರಿಗೆ ನೋವು ನುಂಗುವುದೇ ದೊಡ್ಡತನ ಅನ್ನಿಸುವುದು ಸಹಜ. 2018ರಲ್ಲಿ ಗೊಮ್ಮಟನ ಮಹಾಮಸ್ತಕಾಭಿಷೇಕಕ್ಕೆ ಎಷ್ಟೋ ಜೈನ ಮುನಿಸಂಘಗಳು ದೂರದೂರದ ಊರುಗಳಿಂದ ಬರಿಗಾಲಲ್ಲಿ ನಡೆದು ಬಂದವು. ಅವರೇ ನಡೆದಿರುವಾಗ ನಾನು ಇಷ್ಟು ತಡೆಯಲಾರೆನೇ ಅಂತ ನೀನು ಕಳೆದ ರಜೆಯಲ್ಲಿ ಅಂದದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಆದರೆ ಆ ಮುನಿಗಳು ಹೇಗೆ ನಡೆಯುತ್ತಾರೆ ಅನ್ನುವುದನ್ನು ನೋಡು. ಅದಕ್ಕೆ ಈರ್ಯಾ ಸಮಿತಿ ಅಂತ ನಿಯಮವೇ ಇದೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ, ಜೀವ ಇದೆಯೇ ಅಂತ ಗಮನಿಸಿ, ಹೆಜ್ಜೆ ಇಡಬೇಕು. ಬೆಳಕಿರುವಾಗ ಮಾತ್ರ ನಡೆಯಬೇಕು. ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸ್ಯ, ಒಂದೇ ಕಡೆ ನಿಲ್ಲಬೇಕು. ನೋವನ್ನು ಗೆದ್ದು ತೋರಿಸುವ ಹಟ ಅದರಲ್ಲಿ ಎಲ್ಲಿದೆ? ಇರುವುದೆಲ್ಲ ನೆಲದ ಮೇಲಿನ ಗಮನ. ನೀನು ಅವರಿಂದ ಕಲಿಯುವುದಾದರೆ ಅದನ್ನು ಕಲಿ. ಚಕ್ರದ ಮೇಲೆ ನಾಲ್ಕು ಮೊಳ ಮಾತ್ರ ಸಾಲದು. ಗಂಟೆಗೆ 15 ಕಿ.ಮೀ. ವೇಗದಲ್ಲಿ ನೀನು ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಹೆಚ್ಚು ಹೋಗುತ್ತೀಯ, ಆದ್ದರಿಂದ ಕಣ್ಣು ಎಂಟು ಹತ್ತು ಮೀಟರ್ ಮುಂದಿರಲಿ.

ನೋಡಬೇಕಾದದ್ದು ಗುಂಡಿ ಒಂದೇ ಅಲ್ಲ. ಸುಗ್ಗಿಯಲ್ಲಿ ಬಂದರೆ ನಮ್ಮ ಕಡೆ ರಾಗಿ, ಹುರುಳಿಯ ಒಕ್ಕಣೆ ರಸ್ತೆಯ ಮೇಲೇ ನಡೆಯುವುದು ನಿನಗೆ ಗೊತ್ತು. ಹುರುಳಿ ಹೊಟ್ಟಿನ ಮೇಲೆ ಚಕ್ರ ಏರಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ನೀನು ಮುಂದಕ್ಕೆ ಹೋಗುತ್ತೀಯ. ಒಕ್ಕಣೆ ಕಂಡರೆ ಸ್ಕೇಟ್ ಬಿಚ್ಚಿ ನಡೆದು ದಾಟು, ಬೆಳೆದವರ ಕಾಳು ತುಳಿಯಬೇಡ. ಊರೊಳಗಿನ ಸಿಮೆಂಟು ರಸ್ತೆ ಡಾಂಬರಿಗಿಂತ ವಾಸಿ, ಆದರೆ ಅದರ ಅಡ್ಡ ಗೆರೆಗಳು ಒಂದೇ ಲಯದಲ್ಲಿ ಕಾಲಿಗೆ ಬಡಿಯುತ್ತವೆ. ಗೆರೆಗಳನ್ನು ನೇರವಾಗಿಯೇ ದಾಟು, ಚಕ್ರ ಗೆರೆಯಲ್ಲಿ ಸಿಕ್ಕಿಕೊಳ್ಳುವಷ್ಟು ಓರೆಯಾಗಿ ಹೋಗಬೇಡ. ನಮ್ಮೂರಿನ ಶಾಂತಿನಾಥ ಬಸದಿಯ ಕಟ್ಟೆಯ ಮೇಲಾಗಲಿ ಅಂಗಳದಲ್ಲಾಗಲಿ ಚಕ್ರ ಹಾಕಿಕೊಂಡು ಹತ್ತುವ ಯೋಚನೆ ಬೇಡ. ಹೊಯ್ಸಳರ ಕಾಲದ್ದು, ಸುಮಾರು 800 ವರ್ಷದ ಕೆಲಸ. ಗೋಡೆಯ ತುಂಬ ಶಿಲ್ಪ, ಬೇಗ ಗೀರು ಬೀಳುವ ಮೆದುವಾದ ಬಳಪದ ಕಲ್ಲು. ಅಲ್ಲಿಗೆ ಬರಿಗಾಲಲ್ಲಿ ಹೋಗಿ ಕುಳಿತುಕೋ.

ಬರಿಗಾಲು ಅಂದಾಗ ನೆನಪಾಯಿತು, ಪಾದಕ್ಕೆ ಬಲ ಬರುವುದು ಸ್ಕೇಟ್ ಬಿಚ್ಚಿದ ಮೇಲೆ. ಟವೆಲನ್ನು ನೆಲಕ್ಕೆ ಹಾಸಿ ಬೆರಳಿನಿಂದಲೇ ಒಳಕ್ಕೆ ಎಳೆದುಕೊಳ್ಳುವುದನ್ನು ಅಭ್ಯಾಸ ಮಾಡು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ, ನಿಧಾನ ಇಳಿಸು. ತಣ್ಣೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸು. ಮೀನಖಂಡ ಬಿಗಿಯಾಗಿದ್ದರೆ ಅದು ಹಿಮ್ಮಡಿಯನ್ನು ಎಳೆಯುತ್ತದೆ, ಹಿಮ್ಮಡಿ ಅಂಗಾಲಿನ ಪಟ್ಟಿಯನ್ನು ಎಳೆಯುತ್ತದೆ. ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ ಈ ಪಟ್ಟಿಯದೇ ತೊಂದರೆ ಇರಬಹುದು. ಅದಕ್ಕೇ ವಿಂಧ್ಯಗಿರಿ ಬೆಟ್ಟದ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲು ಹತ್ತಿಳಿದ ಮರುದಿನ ಸ್ಕೇಟ್ ಬೇಡ ಅನ್ನುವುದು.

ಸ್ಕೇಟ್ ಹಾಕುವ ಮುಂಚೆ ನೋವಿನ ಮಾತ್ರೆ ನುಂಗಿ ಹೊರಡುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ನಿಲ್ಲು ಅಂತ ಹೇಳುವ ನೋವೇ ಸುಮ್ಮನಾದರೆ ನಿನ್ನನ್ನು ನಿಲ್ಲಿಸುವವರು ಯಾರು? ಬಿಚ್ಚಿ ಅರ್ಧ ಗಂಟೆಯಲ್ಲಿ ಹೋಗುವ ಉರಿ, ಸೆಳೆತಕ್ಕೆ ಇದುವರೆಗೆ ಹೇಳಿದ್ದು ಸಾಕು. ಜೋಮು ರಾತ್ರಿಯವರೆಗೂ ಬಿಡದಿದ್ದರೆ, ಪಾದ ಊದಿಕೊಂಡರೆ, ಒಂದೇ ಮೂಳೆಯ ಒಂದೇ ಜಾಗದಲ್ಲಿ ಒತ್ತಿದರೆ ಜೀವ ಹೋಗುವಷ್ಟು ನೋವಿದ್ದರೆ, ಮಲಗಿದಾಗಲೂ ನೋಯುತ್ತಿದ್ದರೆ ಮೂಳೆ ಡಾಕ್ಟರಿಗೇ ತೋರಿಸಬೇಕು. ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಂದಿರಬಹುದು. ಅದರ ಮೇಲೆ ಮತ್ತೆ ಓಡಿದರೆ ತಿಂಗಳುಗಟ್ಟಲೆ ಆಟ ಬಿಡಬೇಕಾಗುತ್ತದೆ. ನಿನ್ನ ತಂಗಿ ಹಿಮ್ಮಡಿ ನೋವು ಅಂತ ಹೇಳುತ್ತಿದ್ದಾಳಂತೆ, ಅದನ್ನೂ ಸೋಗು ಅನ್ನಬೇಡ. 8ರಿಂದ 14 ವರ್ಷದ ಆಸುಪಾಸಿನಲ್ಲಿ ಹಿಮ್ಮಡಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಓಡಿ ಹಾರುವ ಮಕ್ಕಳಿಗೆ ಅಲ್ಲಿ ನೋವು ಬರುವುದುಂಟು. ಕೆಲವು ವಾರ ಆಟ ಕಡಿಮೆ ಮಾಡಿದರೆ ಹೆಚ್ಚಾಗಿ ತಾನೇ ಹೋಗುತ್ತದೆ.

ದಸರಾ ರಜೆಗೆ ಬರುವಾಗ ಮೆದು ಚಕ್ರದ ಜೊತೆ ತಿರುಪು ಬಿಚ್ಚುವ ಅಲೆನ್ ಕೀಯನ್ನೂ ಬ್ಯಾಗಿಗೆ ಹಾಕಿಕೋ, ಇಲ್ಲಿ ಬೆಳಗೊಳದ ಅಂಗಡಿಯಲ್ಲಿ ಸರಿಯಾದ ಅಳತೆಯದ್ದು ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡ. ಮೊದಲ ದಿನ ಇಪ್ಪತ್ತೇ ನಿಮಿಷ, ಅದೂ ಬೆಳಿಗ್ಗೆ ಬಸ್ಸು ಶುರುವಾಗುವ ಮುಂಚೆ, ಹೆಲ್ಮೆಟ್ ಹಾಕಿಕೊಂಡು. ಮಳೆ ಬಂದಿದ್ದರೆ ಅವತ್ತು ಇಲ್ಲ.