ಕಲಬುರಗಿಯ ಸೆಕೆಗೆ ತೆಳು ಕೌದಿ

ಕಲಬುರಗಿಯ ಬಿಸಿಲಿಗೆ ಪಾಲಿಯೆಸ್ಟರ್ ತುಂಬುವುದು ಬೇಡವೇ ಬೇಡ, ತಂಗಿ. ಅದು ಹಗುರ, ನಿಜ. ಆದರೆ ಬೆವರು ಹೀರುವುದಿಲ್ಲ. ಅರಳೆ ತುಂಬಿದರೋ, ಒತ್ತೊತ್ತಾಗಿ ಹೊಲಿಯದಿದ್ದರೆ ಒಗೆದಾಗ ಗಂಟುಗಟ್ಟುತ್ತದೆ.

ನಿಮ್ಮ ಕಡೆಯ ಕೌದಿಯ ದಾರಿಯೇ ಸರಿ. ಮೇಲೊಂದು, ಕೆಳಗೊಂದು ಬಟ್ಟೆ. ನಡುವೆ ಹಳೆಯ ಹತ್ತಿ ಸೀರೆಯ ಒಂದೇ ಪದರ. ಒಗೆದೊಗೆದು ಮೆತ್ತಗಾದ ಸೀರೆಯಲ್ಲಿ ಗಾಳಿಯಾಡುತ್ತದೆ, ಬೇಗ ಒಣಗುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಚೆಂದದ ಕೌದಿಗಳೂ ಹಳೆಯ ಬಟ್ಟೆಯ ಪದರಗಳಿಂದಲೇ ಆದವು.

ಹೊಸ ಬಟ್ಟೆ ಸೇರಿಸುವುದಾದರೆ ಮೊದಲೇ ನೆನೆಸಿ ಒಗೆಯಿರಿ. ಹೊಲಿದ ಮೇಲೆ ಕುಗ್ಗಿದರೆ ಕೌದಿಯೆಲ್ಲ ಸುಕ್ಕು. ಸೀರೆ ಅಪ್ಪಟ ಹತ್ತಿಯೋ ಎಂಬ ಅನುಮಾನವಿದ್ದರೆ ಒಂದೆಳೆ ಸುಟ್ಟು ನೋಡಿ. ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಥ ಸೀರೆಯನ್ನು ದಯವಿಟ್ಟು ಒಳಗೆ ಹಾಕಬೇಡಿ.