ಬೆಳಕನ್ನು ನಂಬುವ ಮುನ್ನ



ಫಿಸಿಕ್ಸ್ ಎಂಎಸ್ಸಿ ಮುಗಿಸಿದ ನೀನು ಮಿದುಳಿನ ಲ್ಯಾಬಿಗೆ ಪಿಎಚ್‌ಡಿಗೆ ಸೇರಿದ ಸುದ್ದಿ ಕೇಳಿ ಇಲ್ಲಿ ಎಲ್ಲರಿಗೂ ಹಿಗ್ಗು. ನಿನ್ನಮ್ಮನಿಗೆ ಮಾತ್ರ ಒಂದೇ ಚಿಂತೆ: ಬಯಾಲಜಿ ಓದದ ಹುಡುಗಿ ಅಲ್ಲಿ ಹೋಗಿ ಏನು ಮಾಡುತ್ತಾಳೆ ಅಂತ. ಲೆನ್ಸು, ಲೇಸರ್, ಕನ್ನಡಿ ಬಲ್ಲವರಿಲ್ಲದೆ ಆ ಲ್ಯಾಬುಗಳು ಒಂದು ದಿನವೂ ನಡೆಯುವುದಿಲ್ಲ ಎಂದು ಅವಳಿಗೆ ಹೇಳಿದ್ದೇನೆ. ಆಪ್ಟಿಕ್ಸ್ ಪಾಠ ಹೇಳುತ್ತಲೇ ಆಯುಷ್ಯ ಕಳೆದ ನನಗೆ ನಿನ್ನ ಈ ಹಾದಿ ಎಷ್ಟು ಸಂತೋಷ ಕೊಟ್ಟಿದೆ ಅನ್ನುವುದನ್ನು ಬರೆದು ತಿಳಿಸಲಾರೆ.

ಟೂ-ಫೋಟಾನ್ ಮೈಕ್ರೋಸ್ಕೋಪ್ ಕಲಿಯಲು ಎಷ್ಟು ದಿನ ಬೇಕು ಎಂದು ಕೇಳಿದ್ದೀಯ. ಗುಂಡಿ ಒತ್ತಿ ಚಿತ್ರ ತೆಗೆಯಲು ಒಂದು ಮಧ್ಯಾಹ್ನ ಸಾಕು. ಆ ಚಿತ್ರವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂದು ಕಲಿಯುವುದೇ ನಿನ್ನ ಮುಂದಿನ ಐದಾರು ವರ್ಷಗಳ ಕೆಲಸ.

ಹಾಲಿನ ಲೋಟಕ್ಕೆ ಟಾರ್ಚ್ ಬಿಟ್ಟರೆ ಬೆಳಕು ಹೇಗೆ ಎಲ್ಲೆಡೆ ಚದುರಿ ಮಂಕಾಗುತ್ತದೋ, ಮಿದುಳಿನಲ್ಲೂ ಹಾಗೆಯೇ. ಮೇಲ್ಪದರ ದಾಟಿ ಒಳಗಿನ ಒಂದು ನರಕೋಶವನ್ನು ಸ್ಪಷ್ಟವಾಗಿ ನೋಡುವುದು ಬಹುಕಾಲ ಆಗದ ಮಾತಾಗಿತ್ತು. ಒಂದು ಅಣು ಎರಡು ಫೋಟಾನ್‌ಗಳನ್ನು ಒಟ್ಟಿಗೇ ಹೀರಿಕೊಳ್ಳಬಲ್ಲದು ಎಂದು ಮಾರಿಯಾ ಗೋಪರ್ಟ್-ಮಾಯರ್ ತಮ್ಮ ಡಾಕ್ಟರೇಟ್ ಕೆಲಸದಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಅದು ಪ್ರಕಟವಾದದ್ದು 1931ರಲ್ಲಿ. ಆಗ ಅದನ್ನು ಪರೀಕ್ಷಿಸುವಷ್ಟು ಪ್ರಖರ ಬೆಳಕೇ ಇರಲಿಲ್ಲ. ಲೇಸರ್ ಬಂದ ಮೇಲೆ, 1961ರಲ್ಲಿ, ಅದು ಕಣ್ಣಿಗೆ ಬಿತ್ತು. 1990ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿನ್‌ಫ್ರೀಡ್ ಡೆಂಕ್, ಜೇಮ್ಸ್ ಸ್ಟ್ರಿಕ್ಲರ್, ವ್ಯಾಟ್ ವೆಬ್ ಅದನ್ನು ಮೈಕ್ರೋಸ್ಕೋಪಿಗೆ ತಂದರು. ಎರಡು ಫೋಟಾನ್‌ಗಳು ಒಂದೇ ಗಳಿಗೆಯಲ್ಲಿ ಕೂಡುವಷ್ಟು ಬೆಳಕು ದಟ್ಟವಾಗುವುದು ಫೋಕಸ್ ಬಿಂದುವಿನಲ್ಲಿ ಮಾತ್ರ. ಹಾಗಾಗಿ ಹೊಳೆಯುವುದೂ ಅಲ್ಲಿ ಮಾತ್ರ. ಹೊರಬಂದ ಬೆಳಕು ಎಷ್ಟೇ ಚದುರಲಿ, ಅದು ಹುಟ್ಟಿದ ಜಾಗ ನಮಗೆ ಗೊತ್ತಿರುತ್ತದೆ. ಇಷ್ಟು ಸೊಗಸಾದ ಉಪಾಯ ಆಪ್ಟಿಕ್ಸಿನಲ್ಲಿ ಬೇರೆ ಸಿಗುವುದು ಕಷ್ಟ.

ಈ ಸೊಗಸೇ ನಮ್ಮನ್ನು ಮರುಳು ಮಾಡುತ್ತದೆ, ಮಗಳೇ. ಪರದೆಯ ಮೇಲೆ ಹಸಿರಾಗಿ ಮಿನುಗುವ ಕೋಶಗಳನ್ನು ಕಂಡಾಗ ಮಿದುಳು ಯೋಚಿಸುವುದನ್ನೇ ಕಂಡಂತೆ ಅನ್ನಿಸುತ್ತದೆ. ನೀನು ಕಾಣುತ್ತಿರುವುದು ಜಿಕ್ಯಾಂಪ್ ಎಂಬ ಪ್ರೋಟೀನ್ ಕ್ಯಾಲ್ಸಿಯಂಗೆ ಅಂಟಿಕೊಂಡು ಬೆಳಗುವುದನ್ನು. ನರಕೋಶದ ಮಿಡಿತ ಒಂದು ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಈ ಹೊಳಪು ಆರಲು ನೂರಾರು ಮಿಲಿಸೆಕೆಂಡು ಬೇಕು. ಸುತ್ತಲಿನ ನರತಂತುಗಳ ಹೊಳಪೂ ಅದರೊಳಗೆ ಬೆರೆತಿರುತ್ತದೆ. ಇನ್ನೂ ಒಂದು ಸಂಗತಿ ಇದೆ. ಜಿಕ್ಯಾಂಪ್-6 ಎಂಬ ಅದರ ಒಂದು ರೂಪವನ್ನು ತಯಾರಿಸುವ ಹಾಗೆ ಬೆಳೆಸಿದ ಕೆಲವು ಇಲಿ ತಳಿಗಳ ಮಿದುಳಿನಲ್ಲಿ ಅಪಸ್ಮಾರವನ್ನು ಹೋಲುವ ಅಲೆಗಳು ಏಳುತ್ತವೆ ಎಂದು 2017ರಲ್ಲಿ ಹಲವು ಲ್ಯಾಬುಗಳು ಕೂಡಿ ವರದಿ ಮಾಡಿದವು. ನೋಡಲೆಂದು ಇಟ್ಟ ದೀಪವೇ ನೋಡಬೇಕಾದದ್ದನ್ನು ಬದಲಿಸಿಬಿಟ್ಟಿತ್ತು.

ಆಪ್ಟೊಜೆನೆಟಿಕ್ಸ್‌ನಲ್ಲಿ ಈ ಎಚ್ಚರ ಇಮ್ಮಡಿ ಬೇಕು. ಅಲ್ಲಿ ಬೆಳಕು ತೋರಿಸುವುದಷ್ಟೇ ಅಲ್ಲ, ನರಕೋಶವನ್ನು ಕೆರಳಿಸುತ್ತದೆ, ಸುಮ್ಮನಾಗಿಸುತ್ತದೆ. ಒಂದು ಬಗೆಯ ಕೋಶಗಳನ್ನು ಮಾತ್ರ ಹತೋಟಿಗೆ ತಂದು ಉಳಿದವನ್ನು ಮುಟ್ಟದೆ ಬಿಡುವ ವಿಧಾನ ಬೇಕು ಎಂದು ಫ್ರಾನ್ಸಿಸ್ ಕ್ರಿಕ್ 1979ರಲ್ಲೇ ಬರೆದಿದ್ದರು. ಅದಕ್ಕೆ ಒದಗಿಬಂದದ್ದು ಕ್ಲ್ಯಾಮಿಡೊಮೊನಾಸ್ ಎಂಬ ಹಸಿರು ಪಾಚಿ ಬೆಳಕನ್ನು ಗುರುತಿಸಲು ಬಳಸುವ ಪ್ರೋಟೀನ್. 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ಎಡ್ವರ್ಡ್ ಬಾಯ್ಡನ್, ಕಾರ್ಲ್ ಡೈಸರಾತ್ ಮತ್ತವರ ಸಂಗಡಿಗರು ಅದನ್ನು ನರಕೋಶಕ್ಕೆ ಸೇರಿಸಿ ನೀಲಿ ಬೆಳಕಿನಿಂದ ಮಿಡಿಸಿದರು. ಡೈಸರಾತ್ ಲ್ಯಾಬಿನಲ್ಲಿ ನನಗೆ ತುಂಬ ಹಿಡಿಸಿದ್ದು ಆಮೇಲಿನ ನಡೆ: ಇಂಥ ಪ್ರೋಟೀನ್‌ಗಳ ಜೀನ್‌ಗಳನ್ನು ಕೇಳಿದವರಿಗೆ ಹಂಚಿದರು, ಹೊರಗಿನ ಸಂಶೋಧಕರನ್ನು ಕಾರ್ಯಾಗಾರಕ್ಕೆ ಕರೆಸಿ ಕೈಹಿಡಿದು ಕಲಿಸಿದರು. ಪ್ರಬಂಧ ಓದಿ ಬರುವ ವಿದ್ಯೆ ಇದಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಿನಗೂ ಅಂಥ ಯಾವುದೇ ಶಿಬಿರಕ್ಕೆ ಹೋಗುವ ಅವಕಾಶ ಬಂದರೆ ಬಿಡಬೇಡ, ಖರ್ಚಿನ ಯೋಚನೆ ನನಗಿರಲಿ.

ಈಗ ನಿನಗೆ ಹೇಳಲೇಬೇಕಾದ ಮಾತು. 2019ರಲ್ಲಿ ಓವನ್, ಲಿಯು, ಕ್ರೈಟ್ಸರ್ ಎಂಬ ಮೂವರು, ಬೆಳಕಿಗೆ ಸ್ಪಂದಿಸುವ ಯಾವ ಪ್ರೋಟೀನನ್ನೂ ಹಾಕದ ಇಲಿಗಳ ಮಿದುಳಿಗೆ ಬರೀ ಬೆಳಕು ಹಾಯಿಸಿ ನೋಡಿದರು. ಏನೂ ಆಗಬಾರದಿತ್ತು. ಆದರೆ ಅಂಗಾಂಶ ಬಿಸಿಯಾಯಿತು, ಹೆಚ್ಚೆಂದರೆ ಎರಡು ಡಿಗ್ರಿ. ಅಷ್ಟಕ್ಕೇ ಮಿದುಳಿನ ಸ್ಟ್ರಯಾಟಮ್ ಎಂಬ ಭಾಗದ ಕೋಶಗಳ ಮಿಡಿತ ತಗ್ಗಿತು. ಇಲಿ ತಿರುಗುವ ದಿಕ್ಕು ಕೂಡ ಒಂದು ಕಡೆಗೆ ವಾಲಿತು! ಆ ಪ್ರೋಟೀನ್ ಇಲ್ಲದ ಇಲಿಯನ್ನು ಪಕ್ಕದಲ್ಲಿಟ್ಟು ಹೋಲಿಸದೆ ಯಾರಾದರೂ ಆ ವಾಲುವಿಕೆಗೆ ಅರ್ಥ ಹಚ್ಚಿದ್ದರೆ ಎಷ್ಟು ಚೆಂದದ ಸುಳ್ಳು ಸಿದ್ಧಾಂತ ಹುಟ್ಟುತ್ತಿತ್ತು, ಯೋಚಿಸು. ಕಂಟ್ರೋಲ್ ಇಲಿಗೆ ಅದೇ ಶಸ್ತ್ರಕ್ರಿಯೆ, ಬೆಳಕು ಒಯ್ಯುವ ಅದೇ ಫೈಬರ್, ಅಷ್ಟೇ ಮಿಲಿವಾಟ್. ಗೈಡ್ ಕೇಳಲಿ ಬಿಡಲಿ, ಅದನ್ನು ಮೊದಲೇ ಯೋಜನೆಯಲ್ಲಿ ಬರೆದುಕೋ. ಕೊನೆಯಲ್ಲಿ ಸೇರಿಸೋಣ ಅಂದರೆ ದುಡ್ಡೂ ಮುಗಿದಿರುತ್ತದೆ, ಧೈರ್ಯವೂ.

ಇಂಥ ಎಚ್ಚರಕ್ಕೆ ಮಾದರಿ ಬೇಕೆಂದರೆ, ಬಣ್ಣ ಹಾಕಿ ನರಗಳ ವೋಲ್ಟೇಜ್ ಅಳೆಯುವ ವಿದ್ಯೆಯನ್ನು ಕಟ್ಟಿದ ಲ್ಯಾರಿ ಕೋಹೆನ್ ಗುಂಪಿನ ಕೆಲಸವನ್ನು ಹುಡುಕಿ ಓದು. 1968ರಲ್ಲಿ ಅವರು ನರ ಮಿಡಿಯುವಾಗ ಬೆಳಕು ಚದುರುವ ರೀತಿ ಬದಲಾಗುವುದನ್ನು ತೋರಿಸಿದರು. ಮುಂದೆ ಒಳ್ಳೆಯ ಬಣ್ಣಕ್ಕಾಗಿ ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರದ ಮೇಲೆ ಸಾವಿರಕ್ಕೂ ಹೆಚ್ಚು ಬಣ್ಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಸಂಕೇತ ದೊಡ್ಡದಾಗಿದ್ದರಷ್ಟೇ ಸಾಲದು, ಬೆಳಕು ಬಿದ್ದಾಗ ಆ ಬಣ್ಣ ನರವನ್ನು ಕೆಡಿಸಬಾರದು ಎಂಬುದೂ ಅವರ ಪರೀಕ್ಷೆಯಲ್ಲಿತ್ತು. ನಿನಗೆ ಬರಬೇಕಾದ ತಾಳ್ಮೆ ಅದು.

ಲ್ಯಾಬಿನಲ್ಲಿ ಯಾರೋ ಹೊಂದಿಸಿಟ್ಟ ಲೇಸರ್ ದಾರಿಯಲ್ಲೇ ಕೆಲಸ ಶುರು ಮಾಡಬೇಡ. ಸೀನಿಯರ್‌ಗಳನ್ನು ಒಪ್ಪಿಸಿ, ಬಿಡುವಿನ ದಿನ ಒಂದೊಂದು ಕನ್ನಡಿಯನ್ನೂ ನೀನೇ ಅಲೈನ್ ಮಾಡಿ ಕಲಿ. ಸುರಕ್ಷತೆಯ ಕನ್ನಡಕ ತೆಗೆಯಬೇಡ, ಲೇಸರಿನ ಅವಗೆಂಪು ಕಿರಣ ಕಣ್ಣಿಗೆ ಕಾಣದು, ಅಕ್ಷಿಪಟಲ ಸುಟ್ಟರೆ ನೋವೂ ಆಗದು. ಕಿರಣ ತಾಗಿ ಪ್ರತಿಫಲಿಸದಂತೆ ಬೆರಳಿನ ಉಂಗುರವನ್ನೂ ಕಳಚಿಡು.

ಬಿಡುವಾದಾಗ ನಿಮ್ಹಾನ್ಸ್‌ನ ಮಿದುಳಿನ ಸಂಗ್ರಹಾಲಯಕ್ಕೆ ಹೋಗಿ ಬಾ. ಸಂರಕ್ಷಿಸಿಟ್ಟ ಮನುಷ್ಯನ ಮಿದುಳನ್ನು ಅಲ್ಲಿ ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ಅದು ಗಟ್ಟಿ, ನಿಶ್ಚಲ. ನಿನ್ನ ಲೆನ್ಸಿನ ಕೆಳಗಿನದು ಪ್ರತಿ ಉಸಿರಿಗೂ ಪ್ರತಿ ಎದೆಬಡಿತಕ್ಕೂ ಅಲುಗುವ ಜೀವ. ಅದರ ಮಾಲೀಕ ಒಂದು ಪುಟ್ಟ ಪ್ರಾಣಿ. ಎಥಿಕ್ಸ್ ಕಮಿಟಿಯ ಫಾರಂ ತುಂಬುವಾಗ ಅದನ್ನು ಗುಮಾಸ್ತಿಕೆ ಅಂದುಕೊಳ್ಳಬೇಡ. ಹೆದರಿದ ಇಲಿಯ ಮಿದುಳು ಹೆದರಿಕೆಯ ದತ್ತಾಂಶವನ್ನೇ ಕೊಡುತ್ತದೆ. ಪ್ರಯೋಗಕ್ಕೆ ಮೊದಲು ದಿನಗಟ್ಟಲೆ ಅದನ್ನು ಕೈಯಲ್ಲಿ ಆಡಿಸಿ ನಿನ್ನ ವಾಸನೆಗೆ ಒಗ್ಗಿಸು.

ಮುಂದಿನ ಪತ್ರದಲ್ಲಿ ನನಗೆ ಒಂದು ಸಂಖ್ಯೆ ಬೇಕು: ನಿನ್ನ ಮೈಕ್ರೋಸ್ಕೋಪಿನ ಆಬ್ಜೆಕ್ಟಿವ್ ಲೆನ್ಸಿನಿಂದ ಎಷ್ಟು ಮಿಲಿವಾಟ್ ಹೊರಬರುತ್ತಿದೆ? ಸಾಫ್ಟ್‌ವೇರ್ ತೋರಿಸುವ ಶೇಕಡಾ ಲೆಕ್ಕ ಬೇಡ. ಪವರ್ ಮೀಟರ್ ಇಟ್ಟು ನೀನೇ ಅಳೆದು ಬರೆ.

ಇತಿ,
ನಿನ್ನ ಸೋದರಮಾವ