ಮೃಣ್ಮಯ ಜೀವಲೋಕದ ಶಿಲ್ಪಿ ಬರ್ನಾರ್ ಪಾಲಿಸಿ

ಮಡಕೆಯಾಗಿ ನೀರು ಹೊರುವ ಮಣ್ಣೇ ಸಮರ್ಥನ ಕೈ ಸೇರಿದಾಗ ಹಾವಾಗಿ ಹರಿಯುತ್ತದೆ, ಕಪ್ಪೆಯಾಗಿ ನೆಗೆಯಲು ಹವಣಿಸುತ್ತದೆ. ಆದರೆ ಆ ಸಾಮರ್ಥ್ಯವು ಒಂದೆರಡು ದಿನಗಳಲ್ಲಿ ಕೈಗೂಡತಕ್ಕುದಲ್ಲ. ಹದಿನಾರನೆಯ ಶತಮಾನದ ಫ್ರಾನ್ಸ್ ದೇಶದಲ್ಲಿ ಬಾಳಿದ ಬರ್ನಾರ್ ಪಾಲಿಸಿಯ ಜೀವನವು ಇದಕ್ಕೆ ಉಜ್ಜ್ವಲ ನಿದರ್ಶನವಾಗಿದೆ.

1510ರ ಸುಮಾರಿನಲ್ಲಿ ಜನಿಸಿದ ಪಾಲಿಸಿಯು ಕಸುಬಿನಿಂದ ಕುಂಬಾರನಲ್ಲ. ಗಾಜಿನ ಮೇಲೆ ಚಿತ್ರ ಬರೆಯುವುದೂ ಭೂಮಿಯನ್ನು ಅಳೆಯುವುದೂ ಅವನ ಜೀವನೋಪಾಯಗಳಾಗಿದ್ದವು. ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಅವನು ಕಲಿತಿರಲಿಲ್ಲ. ಸೇಂತ್ ಪಟ್ಟಣದಲ್ಲಿ ನೆಲಸಿದ ಅವನು ಒಮ್ಮೆ ಎನಾಮಲ್ ಮೆರುಗಿನ ಮಣ್ಣಿನ ಬಟ್ಟಲೊಂದನ್ನು ಕಂಡನು. ಅದರ ಸೊಬಗಿಗೆ ಮನಸೋತು, ಬಿಳಿಯ ಮೆರುಗೇ ಉಳಿದೆಲ್ಲ ಮೆರುಗುಗಳಿಗೂ ಅಡಿಪಾಯವೆಂದು ಬಗೆದು, ಅದರ ಶೋಧಕ್ಕೆ ತೊಡಗಿದನು.

ಮಣ್ಣಿನ ಗುಣವನ್ನಾಗಲಿ ಬೆಂಕಿಯ ಹದವನ್ನಾಗಲಿ ಅರಿಯದ ಆತನಿಗೆ ಸೋಲುಗಳೇ ಗುರುಗಳಾದವು. ನೂರಾರು ಬೋಕಿಗಳಿಗೆ ಬಗೆಬಗೆಯ ಲೇಪಗಳನ್ನು ಬಳಿದು ಸುಟ್ಟನು. ತಾನೇ ಇಟ್ಟಿಗೆ ಹೊತ್ತು ಆವಗೆಯನ್ನು ಕಟ್ಟಿದನು. ಆರು ಹಗಲು ಆರು ಇರುಳು ಉರಿಯಿಕ್ಕಿದರೂ ಮೆರುಗು ಕರಗಲಿಲ್ಲ. ಸೌದೆ ತೀರಿದಾಗ ತೋಟದ ಗೂಟಗಳನ್ನೂ ಬಳಿಕ ಮನೆಯ ಮೇಜುಗಳನ್ನೂ ನೆಲಹಾಸಿನ ಹಲಗೆಗಳನ್ನೂ ಒಲೆಗೊಡ್ಡಿದನು. ಊರವರು ಹುಚ್ಚನೆಂದರು. ಮನೆಯಲ್ಲಿ ಬಡತನವು ಕಾಲೂರಿತು. ಈ ಸಾಧನೆಯ ಬೆಲೆಯನ್ನು ಅವನೊಬ್ಬನೇ ತೆರಲಿಲ್ಲ, ಮಡದಿ ಮಕ್ಕಳೂ ತೆತ್ತರೆಂಬುದನ್ನು ಮರೆಯಲಾಗದು.

ಮತ್ತೊಮ್ಮೆ ಆವಗೆಯ ಗಾರೆಯಲ್ಲಿದ್ದ ಬೆಣಚುಕಲ್ಲುಗಳು ಕಾವಿಗೆ ಸಿಡಿದು, ಕರಗಿದ ಮೆರುಗಿಗೆ ಅಂಟಿಕೊಂಡವು. ಆ ಪಾತ್ರೆಗಳನ್ನು ಅಗ್ಗದ ಬೆಲೆಗೆ ಕೊಳ್ಳುವವರಿದ್ದರು. ಸಾಲಗಾರನಾಗಿದ್ದರೂ ಪಾಲಿಸಿಯು ತನ್ನ ಹೆಸರಿಗೆ ಕುಂದೆಂದು ಅವೆಲ್ಲವನ್ನೂ ಒಡೆದುಹಾಕಿದನು.

ಪ್ರಾಣಿಗಳನ್ನು ರೂಪಿಸತೊಡಗಿದಾಗ ಮತ್ತೊಂದು ತೊಡಕು ಎದುರಾಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಾವು ಬೇಕು. ಹಾವಿನ ಬಣ್ಣ ಕರಗುವ ಮುನ್ನವೇ ಹಲ್ಲಿಯ ಹಸುರು ಸುಟ್ಟುಹೋಗುತ್ತಿತ್ತು. ಇವೆಲ್ಲವನ್ನೂ ಒಂದೇ ಉರಿಯಲ್ಲಿ ಹೊಂದಿಸುವಷ್ಟರಲ್ಲಿ ಸುಮಾರು ಹದಿನಾರು ವರ್ಷಗಳು ಸಂದಿದ್ದವು. ನಿಜವಾದ ಹಾವು, ಕಪ್ಪೆ, ಮೀನು, ಸಿಗಡಿ, ಚಿಪ್ಪುಗಳಿಂದಲೇ ಅಚ್ಚು ತೆಗೆದು ಅವನು ಹರಿವಾಣಗಳನ್ನು ಅಲಂಕರಿಸಿದನು. ಅವುಗಳಲ್ಲಿ ಹುರುಪೆ ಹುರುಪೆಯೂ ಎಣಿಸುವಷ್ಟು ಸ್ಪಷ್ಟವಾಗಿದೆ. ರಾಜಮಾತೆ ಕ್ಯಾಥರೀನ್ ದ ಮೆಡಿಚಿಗಾಗಿ ಪ್ಯಾರಿಸ್ಸಿನ ತ್ವಿಲರಿ ಅರಮನೆಯ ತೋಟದಲ್ಲಿ ಕೃತಕ ಗುಹೆಯನ್ನು ನಿರ್ಮಿಸುವ ಕಾರ್ಯವೂ ಅವನ ಪಾಲಿಗೆ ಬಂದಿತು.

ಪ್ರಾಣಿಗಳನ್ನು ನಿಟ್ಟಿಸಿದ ಕಣ್ಣು ಬಂಡೆಗಳನ್ನೂ ಓದಿತು. ಕಲ್ಲಿನಲ್ಲಿ ಕಾಣುವ ಚಿಪ್ಪುಗಳು ಒಂದು ಕಾಲದಲ್ಲಿ ಜೀವಿಸಿದ್ದ ಪ್ರಾಣಿಗಳವೇ ಎಂದು ಅವನು ಪ್ರತಿಪಾದಿಸಿದನು. 1575ರಿಂದ ಪ್ಯಾರಿಸ್ಸಿನಲ್ಲಿ ವಿದ್ವಾಂಸರ ಮುಂದೆ ಉಪನ್ಯಾಸ ಮಾಡಿ, 1580ರಲ್ಲಿ ತನ್ನ ಅನುಭವಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಕಡೆಗೆ, ನಂಬಿದ ಪ್ರಾಟೆಸ್ಟೆಂಟ್ ಮತವನ್ನು ತೊರೆಯಲೊಪ್ಪದೆ, 1590ರ ಸುಮಾರಿಗೆ ಬಾಸ್ತೀಲ್ ಸೆರೆಮನೆಯಲ್ಲಿ ಮಡಿದನು.

ಪಾಲಿಸಿಗೆ ಪಾಠಶಾಲೆಯಿರಲಿಲ್ಲ, ಕಲಿಯುವ ಹಂಬಲವಿತ್ತು. ತಪ್ಪಿದ ಕೆಲಸವನ್ನು ತಾನೇ ಒಡೆದು ಮತ್ತೆ ಮಣ್ಣು ಕಲಸುವ ಎದೆಗಾರಿಕೆಯಿತ್ತು. ಕಲಿಸುವವರೂ ಕಲಿಯುವವರೂ ಅವನ ಆವಗೆಯಿಂದ ಪಡೆಯಬೇಕಾದ ಕಿಡಿ ಇದೇ ಆಗಿದೆ.